ಸಂಬೋಧನೆಗೆ ಬಿಟ್ಟ ಜಾಗ

ಸಿದ್ದರಾಮಪ್ಪ ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿದ ಪತ್ರಿಕೆಯ ತುಂಡಿಗೆ ಕುಂಕುಮ ಹತ್ತಿತ್ತು.

"ದೇವರ ಜಗಲಿ ಮ್ಯಾಲೆ ಇಟ್ಟಿದ್ವಿರೀ ರಾಯರ. ನಮ್ಮೂರ ಹೆಸರು ಪೇಪರಿನ್ಯಾಗ ಬಂದದ್ದು ಇದ ಮೊದಲು. ದಿಲ್ಲಿಯಿಂದ ಜವಾಬು ಬಂತೇನ್ರಿ?"

ಹೈದರಾಬಾದಿನ ಸಚಿವಾಲಯದಲ್ಲಿ ಮಂತ್ರಿಗಳ ಬೆರಳಚ್ಚುಗಾರ ಹನುಮಂತರಾಯರು ತುಂಡನ್ನು ನೋಡಿದರು: ಪತ್ರಕ್ಕೆ ಸಹಿ ಹಾಕುತ್ತಿರುವ ಮಂತ್ರಿಗಳ ಫೋಟೋ, ಕೆಳಗೆ ಸುದ್ದಿ. ತಾಂಡೂರಿನ ಕಡೆಯ ಆ ಊರಿನ ಮಕ್ಕಳು ರೈಲು ಹಳಿ ದಾಟಿ ಶಾಲೆಗೆ ಹೋಗಬೇಕು. ಗೇಟು ಹಾಕಿಸಿ ಎಂದು ಮಂತ್ರಿಗಳು ಕೇಂದ್ರಕ್ಕೆ ಖಾರವಾಗಿಯೇ ಬರೆದಿದ್ದರು. ಬೆರಳಚ್ಚು ಇವರದೇ. ಇಪ್ಪತ್ತೆರಡು ದಿನವಾಗಿತ್ತು.

"ಮೊನ್ನೆ ನನ್ನ ಮೊಮ್ಮಗಳು ಹಳಿ ಮ್ಯಾಲೆ ಬಿದ್ದ ಚಪ್ಪಲಿ ತರಾಕ ತಿರುಗಿ ಓಡಿದ್ಲರಿ. ಗಾಡಿ ಬರಾಕತ್ತಿತ್ತು. ನಮ್ಮೂರ ದೇವರು ಹನುಮಪ್ಪನ ಕೈ ಹಿಡಿದ."

"ಕೂಡ್ರಿ, ಬಂದೆ," ಎಂದು ರಾಯರು ಒಳಗೆ ಹೋದರು.

ಆಪ್ತ ಕಾರ್ಯದರ್ಶಿ ವಾಸುದೇವನ ಟ್ರೇಯಲ್ಲಿ ಪತ್ರ ಹಾಗೇ ಇತ್ತು. ಸಹಿ ಬಿದ್ದಿತ್ತು. ಮೇಲಿನ ಸಂಬೋಧನೆಯ ಜಾಗ ಮಾತ್ರ ಖಾಲಿ. ಇಂಥ ಪತ್ರಗಳಲ್ಲಿ ‘ಪ್ರಿಯ’ ಎಂಬುದನ್ನು ಮಂತ್ರಿಗಳು ತಮ್ಮ ಕೈಯಾರೆ ಬರೆಯುವುದು ರೂಢಿ.

"ಇದು ಹೋಗೇ ಇಲ್ಲೇನು?"

"ಅಲ್ರೀ ರಾಯರ, ಪೇಪರಿನವರಿಗೆ ನಲವತ್ತು ಕಾಪಿ ಹೋದವಲ್ಲ! ದಿಲ್ಲ್ಯಾಗ ಇರೋದು ಎದುರು ಪಾರ್ಟಿ. ಎಲೆಕ್ಷನ್ ಬಂದೈತಿ. ಸಾಹೇಬರು ಅವರಿಗೆ ‘ಪ್ರಿಯ’ ಅಂತ ಬರೀತಾರೇನು? ಅವರು ಗೇಟು ಕೊಟ್ಟೇ ಬಿಟ್ರ ಭಾಷಣದಾಗ ಬೈಯಾಕ ಏನ ಉಳೀತೈತಿ?"

"ಮತ್ತ ಸಹಿ?"

"ಅದು ಫೋಟೋಕ್ಕ." ವಾಸುದೇವ ನಕ್ಕ. "ನೀವು ಮುಟ್ಟಬ್ಯಾಡ್ರಿ. ರಿಟೈರಾಗಾಕ ಎರಡ ವರ್ಷ ಅದಾವ ನಿಮಗ."

ಮಂತ್ರಿಗಳ ಕೋಣೆಯ ಗಂಟೆ ಸದ್ದಾಯಿತು. ಅವನು ಎದ್ದು ಹೋದ. ರಾಯರು ಕ್ಷಣ ಕಣ್ಣು ಮುಚ್ಚಿದರು. ಪತ್ರ ತೆಗೆದುಕೊಂಡು ಹೊರಗೆ ಬಂದರು.

ಸಿದ್ದರಾಮಪ್ಪ ಸಣ್ಣ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. "ಹನುಮಪ್ಪನ ಗುಡಿಯ ಕುಂಕುಮರಿ. ಹಣಿಗೆ ಹಚ್ಕೋರಿ."

ರಾಯರು ಉಂಗುರದ ಬೆರಳು ಅದ್ದಿದರು. ಆದರೆ ಬೆರಳು ಹಣೆಯವರೆಗೆ ಹೋಗಲಿಲ್ಲ.

ನಾಲ್ಕು ಗಂಟೆಗೆ ದಿಲ್ಲಿಯ ಟಪಾಲು ಚೀಲದ ಬಾಯಿ ಕಟ್ಟಿದರು. ಯಾರಿಗೂ ಪ್ರಿಯರೇ ಎನ್ನದ ಆ ಪತ್ರ, ಖಾಲಿ ಜಾಗದಲ್ಲಿ ಒಂದು ಕೆಂಪು ಬೊಟ್ಟಿಟ್ಟುಕೊಂಡು, ಒಳಗೆ ಕುಳಿತಿತ್ತು.