ರಿಂಗಿನ ಹಿಂದಿನ ಹಲಗೆ

ಪರದೆ ಸರಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಕ್ರೀಡಾ ಸಂಘದ ಅಧ್ಯಕ್ಷರೇ. ಶಾಲೆಯ ಅಂಗಳದಲ್ಲಿ ಹೊಸ ಕಂಬ, ಕಂಬದ ತುದಿಗೆ ಕೆಂಪು ರಿಂಗು, ರಿಂಗಿನ ಹಿಂದೆ ಬಾಗಿಲಿನಷ್ಟು ಅಗಲದ ಹಲಗೆ. ಹಲಗೆಯ ತುಂಬ ಅಧ್ಯಕ್ಷರ ನಗುಮುಖ. ಮೊದಲ ಸಾಲಿನಲ್ಲಿ ಕುಳಿತಿದ್ದ ದೊಡ್ಡಮ್ಮ, ತಟ್ಟಲೆಂದು ಎತ್ತಿದ ಕೈಗಳನ್ನು ಹಾಗೆಯೇ ಮಡಿಲಿಗೆ ಇಳಿಸಿದಳು.

ದೇಶದ ಪರವಾಗಿ ನೆಟ್‌ಬಾಲ್ ಆಡಿ, ಗೋಲು ಹಾಕಿ ಹಾಕಿ ಮಂಡಿ ಸವೆಸಿಕೊಂಡು, ಈಗ ಆಟ ಬಿಟ್ಟಿರುವ, ದೊಡ್ಡಮ್ಮ ತಾನೇ ಸಾಕಿ ಬೆಳೆಸಿದ ತಂಗಿಯ ಮಗಳಿಗೆ ಇಂದು ಸನ್ಮಾನ. ಏನು ಬೇಕು ಎಂದು ಸಂಘದವರು ಕೇಳಿದಾಗ ಅವಳು, ಪದಕ ಬೇಡ, ಬೆಳ್ಳಿ ಬಟ್ಟಲು ಬೇಡ, ಶಾಲೆಯ ಹೆಣ್ಣುಮಕ್ಕಳಿಗೆ ಮುಂದಿನ ತಿಂಗಳು ಆಯ್ಕೆ ಪಂದ್ಯವಿದೆ, ಅಭ್ಯಾಸಕ್ಕೆ ಒಂದು ನೆಟ್‌ಬಾಲ್ ಕಂಬ ನೆಡಿಸಿಕೊಡಿ ಎಂದಿದ್ದಳು.

ನೆಟ್‌ಬಾಲಿನ ರಿಂಗಿಗೆ ಹಿಂದೆ ಹಲಗೆ ಇರುವುದಿಲ್ಲ. ಹಲಗೆಗೆ ಬಡಿದು ಒಳಗೆ ಬೀಳಿಸುವುದು ಬಾಸ್ಕೆಟ್‌ಬಾಲ್. ನೆಟ್‌ಬಾಲಿನಲ್ಲಿ ಗುರಿ ತಪ್ಪಿದ ಚೆಂಡನ್ನು ತಡೆಯಲು ಹಿಂದೆ ಏನೂ ಇಲ್ಲ. ಇದು ದೊಡ್ಡಮ್ಮನಿಗೆ ಗೊತ್ತಿಲ್ಲದೆ ಏನು? ತಾಯಿಯಿಲ್ಲದ ಈ ಮಗುವಿಗೆಂದು ಯಜಮಾನರು ಹಳೆಯ ಪೀಪಾಯಿಯ ಪಟ್ಟಿ ಬಗ್ಗಿಸಿ ಹಿತ್ತಲಿನ ಕಂಬಕ್ಕೆ ಬಿಗಿದಿದ್ದರು. ತಪ್ಪಿದ ಚೆಂಡು ನೇರ ಪಕ್ಕದ ಮನೆಯ ಮೋರಿಗೆ. ದೇವರ ಹೆಸರು ಹೇಳುತ್ತ ಅದನ್ನು ಎತ್ತಿ ತೊಳೆದು ತರುತ್ತಿದ್ದವಳು ದೊಡ್ಡಮ್ಮನೇ. ಯಜಮಾನರು ಕಣ್ಮುಚ್ಚಿ ವರ್ಷ ತುಂಬಿಲ್ಲ. ಆ ಪಟ್ಟಿ ಮಾತ್ರ ಇನ್ನೂ ಅಲ್ಲೇ ಇದೆ.

"ಸಾರ್, ಆ ಹಲಗೆ ತೆಗೆಸಬೇಕು," ಎಂದಳು ಮಗಳು.

"ಯಾಕಮ್ಮ? ಗಟ್ಟಿ ಹಲಗೆ. ಎಂಥ ಮಳೆಗೂ ಜಗ್ಗಲ್ಲ."

"ನಮ್ಮ ಆಟಕ್ಕೆ ಹಲಗೆ ಇಲ್ಲ ಸಾರ್. ಇದು ಬಾಸ್ಕೆಟ್‌ಬಾಲ್ ಕಂಬ."

"ಎರಡೂ ಅಕ್ಕತಂಗೀರೇ ಅಲ್ವೇನಮ್ಮ? ಚೆಂಡು ಒಳಗೆ ಬಿದ್ರಾಯ್ತು."

"ಇದರಲ್ಲಿ ಕಲಿತ್ರೆ ಮಕ್ಕಳ ಕೈ ಹಲಗೇನೇ ಹುಡುಕುತ್ತೆ. ಆಯ್ಕೆಯಲ್ಲಿ ಒಬ್ಬಳೂ ಗೆಲ್ಲಲ್ಲ."

"ಅಲ್ಲಮ್ಮ, ಹಲಗೆ ತೆಗೆದ್ರೆ ಜನ ಏನು ನೋಡ್ಬೇಕು?" ಅಧ್ಯಕ್ಷರಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು.

ದೇವರೇ, ಇವರಿಗೆ ಇಷ್ಟು ದೊಡ್ಡ ಮುಖ ಕೊಟ್ಟೆ, ಕಣ್ಣು ಕೊಡುವುದನ್ನು ಮರೆತೆಯಾ ಎಂದುಕೊಂಡಳು ದೊಡ್ಡಮ್ಮ.

ಫೋಟೋದವನು ಅವಸರ ಮಾಡಿದ. ಮಗಳು ಚೆಂಡು ಹಿಡಿದು ನಿಂತು, ಮಂಡಿಯನ್ನು ತುಸು ಬಗ್ಗಿಸಿ ಬಿಟ್ಟಳು. ಚೆಂಡು ಆಕಾಶಕ್ಕೆ ಏರಿ, ಹಲಗೆಯನ್ನೂ ಮುಟ್ಟದೆ ರಿಂಗಿನ ಅಂಚನ್ನೂ ಮುಟ್ಟದೆ ನೆಟ್ಟಗೆ ಅದರೊಳಗೆ ಇಳಿಯಿತು. ಫೋಟೋದವನು ಕ್ಯಾಮೆರಾ ನೋಡಿ ತಲೆ ಕೆರೆದುಕೊಂಡ.

"ಮೇಡಂ, ಚೆಂಡು ಸರಿಯಾಗಿ ಸಾರ್ ಮುಖಕ್ಕೇ ಅಡ್ಡ ಬಂದಿದೆ. ಇನ್ನೊಂದ್ಸಲ ಹಾಕಿ. ಚೆಂಡಿಲ್ದೆ."

"ಚೆಂಡಿಲ್ದೆ?"

"ಸುಮ್ನೆ ಕೈ ಎತ್ತಮ್ಮ, ಸಾಕು," ಎಂದರು ಅಧ್ಯಕ್ಷರು. "ನೀನು ಹಾಕ್ತೀಯ ಅಂತ ಎಲ್ಲರಿಗೂ ಗೊತ್ತಲ್ಲ!"

ಮಗಳು ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಮೇಲೆದ್ದು, ಉರುಳಿ ಹೋಗಿದ್ದ ಚೆಂಡನ್ನು ಎತ್ತಿಕೊಂಡು, ಹಳೆಯ ಅಭ್ಯಾಸದಂತೆ ಮಣ್ಣು ಒರೆಸಿದಳು.

"ನಡಿಯೇ ಮನೆಗೆ." ಆಮೇಲೆ ಸಾಲಾಗಿ ನಿಂತಿದ್ದ ಶಾಲೆಯ ಹುಡುಗಿಯರ ಕಡೆ ತಿರುಗಿದಳು. "ನೀವೂ ಬನ್ರೇ. ನಮ್ಮ ಹಿತ್ತಲಲ್ಲಿ ಯಾರ ಮುಖಾನೂ ಇಲ್ಲ. ಮೋರಿ ಇದೆ. ಗುರಿ ತಪ್ಪಿದ್ರೆ ಅದೇ ಹೇಳುತ್ತೆ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿ ಮುಚ್ಚಿ ನಗುತ್ತ ಹಿಂದೆ ಬಂದರು.

ಗೇಟಿನ ಬಳಿ ದೊಡ್ಡಮ್ಮ ಒಮ್ಮೆ ತಿರುಗಿ ನೋಡಿದಳು. ಸಮಾರಂಭವೇನೂ ನಿಂತಿರಲಿಲ್ಲ. ಅಧ್ಯಕ್ಷರು ತಮ್ಮ ಮುಖದ ಕೆಳಗೆ ತಾವೇ ತುದಿಗಾಲಲ್ಲಿ ನಿಂತು, ಎರಡೂ ಬರಿಗೈಗಳನ್ನು ಎತ್ತಿ, ಒಂದು ಕಣ್ಣು ಮುಚ್ಚಿ ರಿಂಗಿಗೆ ಗುರಿಯಿಡುತ್ತಿದ್ದರು. ಗೋಲಾಯಿತೆಂದು ಜನ ಚಪ್ಪಾಳೆ ತಟ್ಟಿದರು.