ದುಭಾಷಿ: ಅಣ್ಣ

“ಎಲ್ಲವನ್ನೂ ವಿವರಿಸಿದ್ದೇನೆ, ನೀವೇ ನೋಡಿ,” ಎಂದು ಡಾಕ್ಟರ್ ವಿಟ್ಲಿ ಕಂಪ್ಯೂಟರಿನ ಪರದೆಯನ್ನು ಕಲೊಲೈನೆಯ ಕಡೆಗೆ ತಿರುಗಿಸಿದರು. “ಮೊಡವೆಗೆ ಕೊಟ್ಟ ಈ ಗುಳಿಗೆ ನುಂಗುತ್ತಿರುವಾಗ ಬಸಿರಾಗಲೇಬಾರದು, ಮಗುವಿನ ಮಿದುಳು, ಹೃದಯ, ಕಿವಿ ಊನವಾಗಬಹುದು ಅಂತ ನಾಲ್ಕು ನಿಮಿಷ ಹೇಳಿದ್ದೇನೆ. ‘ರೋಗಿಗೆ ಅರ್ಥವಾಗಿದೆ’ ಅಂತ ಬರೆದಿದ್ದೇನೆ. ಸಹಿಯೂ ಇದೆ.”

ಪಕ್ಕದ ಕುರ್ಚಿಯಲ್ಲಿ ಕಲೊಲೈನೆಯ ತಮ್ಮನ ಮಗಳು ಫುಸಿ ಕುಳಿತಿದ್ದಳು. ಟೋಂಗಾದ ಎವುಅ ದ್ವೀಪದಿಂದ ಮದುವೆಯಾಗಿ ಪರದೇಶದ ಈ ಮಾಂಗೆರೆ ಬಡಾವಣೆಗೆ ಬಂದು ವರ್ಷವಾಗಿರಲಿಲ್ಲ, ಇಂಗ್ಲಿಷ್ ಬಾರದು. ನಾಲ್ಕು ತಿಂಗಳ ಹಿಂದೆ ಕೀವುಗಟ್ಟಿದ್ದ ಕೆನ್ನೆಗಳು ಈಗ ನುಣ್ಣಗಾಗಿದ್ದವು. ತುಟಿ ಮಾತ್ರ ಒಣಗಿ ಬಿರಿದಿತ್ತು. ಬೆಳಗಿನ ವಾಂತಿ ನೋಡಿ ಅನುಮಾನಪಟ್ಟ ಸೋದರತ್ತೆಯೇ ಇವತ್ತು ಅವಳನ್ನು ಎಳೆದು ತಂದಿದ್ದಳು. ಪರೀಕ್ಷೆ ಮುಗಿದಿತ್ತು: ಹತ್ತು ವಾರ.

ಕಲೊಲೈನೆ ಪರದೆಯ ಕೆಳಗಿನ ಸಾಲೊಂದರ ಮೇಲೆ ಬೆರಳಿಟ್ಟಳು. ದುಭಾಷಿ: ಅಣ್ಣ.

“ಇವಳ ಅಣ್ಣನ ಬಾಯಲ್ಲಿ ಹೇಳಿಸಿದ್ರಾ?”

“ಗಂಡ ಸೇಬು ಕೊಯ್ಲಿಗೆ ಹೋಗಿದ್ದಾನೆ ಅಂತ ಅವನೇ ಜೊತೆಗೆ ಬಂದಿದ್ದ. ಒಳ್ಳೆ ಇಂಗ್ಲಿಷ್ ಮಾತಾಡುತ್ತಾನೆ.”

“ಈ ಮಾಂಗೆರೆಗೆ ಬಂದು ಎಷ್ಟು ವರ್ಷ ಆಯ್ತು ಡಾಕ್ಟ್ರೇ?”

“ಹನ್ನೊಂದು.”

“ಹನ್ನೊಂದು ವರ್ಷದಿಂದ ನಮ್ಮ ಮದುವೆ ಊಟಕ್ಕೆ ಬಂದು ಹಂದಿ ತಿಂತಿದ್ದೀರಿ. ನಮ್ಮಲ್ಲಿ ಅಣ್ಣ ತಂಗಿ ಒಂದೇ ಕೋಣೇಲಿ ಕೂತು ಸಿನಿಮಾನೂ ನೋಡಲ್ಲ ಅಂತ ಗೊತ್ತಾಗ್ಲಿಲ್ವಾ? ತಂಗಿ ಎದುರು ಬಸಿರಿನ ಮಾತು ಆಡು ಅಂದ್ರೆ ಅವನ ನಾಲಿಗೆ ಏಳುತ್ತಾ? ಫೋನಿನಲ್ಲಿ ದುಭಾಷಿ ಸಿಗ್ತಾರೆ. ಒಂದು ಕರೆ ಮಾಡೋಕೆ ಏನಾಗಿತ್ತು?”

“ಕಾಯಬೇಕಾಗುತ್ತದೆ. ಒಬ್ಬೊಬ್ಬರಿಗೆ ನನಗಿರುವುದು ಹದಿನೈದು ನಿಮಿಷ…”

“ಈ ಕೂಸಿಗೆ ಎಷ್ಟು ನಿಮಿಷ ಅಂತ ಬರ್ಕೊಂಡಿದ್ದೀರಿ?”

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಗುಳಿಗೆ ಇವತ್ತೇ ನಿಲ್ಲಬೇಕು, ಗುರುವಾರ ಸ್ಕ್ಯಾನ್, ಆಮೇಲೆ ಮಗುವನ್ನು ಉಳಿಸಿಕೊಳ್ಳುವುದೋ ಬೇಡವೋ ಎಂದು ಫುಸಿಯೇ ನಿರ್ಧರಿಸಬೇಕು, ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ ಎಂದರು. ಕಲೊಲೈನೆ ಒಂದು ಪದವನ್ನೂ ಬಿಡದೆ ತಮ್ಮ ಭಾಷೆಯಲ್ಲಿ ಹೇಳಿದಳು.

ಹೊರಗೆ ಅಣ್ಣ ಸೆಮಿಸಿ ವ್ಯಾನಿಗೆ ಒರಗಿ ನಿಂತಿದ್ದ. ಅತ್ತೆಯ ಮುಖ ನೋಡಿದವನೇ ನೆಟ್ಟಗಾದ. ಅವಳ ಮುಂದೆ ಅವನ ಅಪ್ಪನೂ ತಲೆ ತಗ್ಗಿಸಿ ನಿಲ್ಲುತ್ತಿದ್ದ.

“ಅವತ್ತು ಡಾಕ್ಟ್ರು ನಾಲ್ಕು ನಿಮಿಷ ಹೇಳಿದ್ರಂತೆ. ನೀನು ಇವಳಿಗೆ ಏನು ಹೇಳ್ದೆ?”

“ಊಟ ಆದ್ಮೇಲೆ ನುಂಗು ಅಂದೆ. ತುಟಿ ಒಣಗುತ್ತೆ ಅಂದೆ.”

“ಆಮೇಲೆ?”

“ಹುಷಾರಾಗಿರು ಅಂದೆ.”

“ಯಾವುದಕ್ಕೆ ಹುಷಾರು ಅಂತ ಅವಳೇನು ಕನಸು ಕಾಣ್ಬೇಕಿತ್ತಾ, ಕತ್ತೆ? ಅವಳ ಗಂಡನ ಕಿವಿಗೆ ಹಾಕ್ಬಹುದಿತ್ತು. ನನಗೆ ಹೇಳ್ಬಹುದಿತ್ತು. ಸಹಿ ಹಾಕು ಅಂತ ಪೆನ್ನು ಕೊಡೋಕೆ ಮಾತ್ರ ನಾಚಿಕೆ ಆಗ್ಲಿಲ್ಲ ನಿನಗೆ.” ಕಲೊಲೈನೆಯ ಕೈ ಮೇಲೆದ್ದಿತು.

ಸೆಮಿಸಿ ಹಿಂದೆ ಸರಿಯಲಿಲ್ಲ. “ಆಗ ನಾವೆಲ್ಲ ದ್ವೀಪದಲ್ಲೇ ಇದ್ವಿ, ಒಂಬತ್ತು ವರ್ಷದವನಿದ್ದೆ ಅತ್ತೆ. ಟೀವೀಲಿ ಯಾರೋ ಮುತ್ತು ಕೊಟ್ರು, ಫುಸಿ ಅಲ್ಲೇ ಇದ್ಲು, ನಾನು ಎದ್ದು ಹೋಗ್ಲಿಲ್ಲ. ಪೊರಕೆ ಮುರಿಯೋವರೆಗೂ ಹೊಡೆದವರು ಯಾರು?”

ಎತ್ತಿದ ಕೈಯನ್ನು ಬೀಸಲೂ ಆಗಲಿಲ್ಲ, ಇಳಿಸಲೂ ಆಗಲಿಲ್ಲ ಅವಳಿಗೆ.

ಅಷ್ಟರಲ್ಲಿ ಫುಸಿ ಅತ್ತೆಯನ್ನು ಬದಿಗೆ ಸರಿಸಿ ಅಣ್ಣನ ಎದುರು ಬಂದು ನಿಂತಳು. ದೊಡ್ಡವಳಾದ ಮೇಲೆ ಒಮ್ಮೆಯೂ ಅವನೆದುರು ಅಷ್ಟು ಹತ್ತಿರ ನಿಂತವಳಲ್ಲ.

“ನೆಲ ನೋಡ್ಬೇಡ, ನನ್ನ ನೋಡು. ನಾನು ಬಸುರಿ. ನನ್ನ ಹೊಟ್ಟೇಲಿರೋ ಮಗು ಕಿವಿ ಇಲ್ಲದೆ ಹುಟ್ಟಬಹುದಂತೆ…”

ಅವಳ ಮಾತು ಮುಗಿಯುವ ಮೊದಲೇ ಸೆಮಿಸಿ ಎರಡೂ ಕೈಗಳಿಂದ ತನ್ನ ಕಿವಿಗಳನ್ನು ಮುಚ್ಚಿಕೊಂಡಿದ್ದ.