ಜೋಡಿಬಳೆ

ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಲು ನಾನು ಬೆರಳು ಚುಚ್ಚಿಕೊಳ್ಳಬೇಕು. ಆ ನಾಲ್ಕೂ ನೋವು ಉಣ್ಣುವವಳು ನನ್ನ ಹಿರಿ ಓರಗಿತ್ತಿ ನೀಲವ್ವ. ನೋವು ದಾಟಿಸುವ ಜೋಡಿಬಳೆಯಲ್ಲಿ ಒಂದು ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

ಇಂದು ಚುಚ್ಚುವ ಪೆನ್ನಿಗೆ ಸೂಜಿ ಹಾಕುವುದನ್ನು ಮರೆತು ಟಕ್ಕೆಂದು ಒತ್ತಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ನೀಲವ್ವ ಕೂಗಿದಳು: “ಯವ್ವಾ! ಮೆಲ್ಲಕ ಚುಚ್ಚಾಕ ಏನ್ ಧಾಡಿ ನಿನಗ?”

ಸೂಜಿಯೇ ಇರಲಿಲ್ಲ; ಅವಳು ಕೂಗಿದ್ದು ಬರೀ ಟಕ್ ಸದ್ದಿಗೆ. ಬರಿ ಸೂಜಿಯಿಂದ ಸದ್ದಿಲ್ಲದೆ ಆಳವಾಗಿ ಚುಚ್ಚಿಕೊಂಡೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು.

“ಅಕ್ಕಾ, ಬೆರಳು ಯಾವಾಗಿಂದ ಜೋಮು?”

“ದೀಪಾವಳಿಯಿಂದ. ಹೇಳಿದ್ರ ನೀ ಚುಚ್ಕೊಳ್ಳೋದ ಬಿಡ್ತಿದ್ದಿ, ಪುಕ್ಕಲಿ.”

ಅವಳ ಬೆರಳನ್ನೂ ಚುಚ್ಚಿ ನೋಡಿದೆ. ಸಕ್ಕರೆ ನಾನೂರು ದಾಟಿತ್ತು. ಬಳೆಗಳನ್ನು ಬಿಚ್ಚಿಟ್ಟೆ. ನನ್ನ ನೋವು ನನಗೆ ಮರಳಿತು. ಅಕ್ಕನ ಕಾಯಿಲೆ ಬಯಲಿಗೆ ಬಂತು.